ದೊಡ್ಡ ಬ್ಯಾಟರಿಗಳ ವಿನ್ಯಾಸ: ಹೊಗಳಬೇಕಾದ್ದು ಯಾವುದು, ಪ್ರಶ್ನಿಸಬೇಕಾದ್ದು ಯಾವುದು

ದೊಡ್ಡ ಬ್ಯಾಟರಿ ಯೋಜನೆಯ ಸುದ್ದಿಯನ್ನು ನೀವು ಯಾವ ದೇಶದಲ್ಲಿ ಓದಿದರೂ ಮೊದಲ ಪ್ಯಾರಾ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಇಷ್ಟು ಮೆಗಾವ್ಯಾಟ್, ಇಷ್ಟು ಸಾವಿರ ಮನೆಗಳಿಗೆ ಕರೆಂಟು, ರಾಜ್ಯದಲ್ಲೇ ಅಥವಾ ಜಗತ್ತಿನಲ್ಲೇ ಅತಿ ದೊಡ್ಡದು. ಆಮೇಲೆ ಜನ ಎರಡು ಬಣ ಆಗ್ತಾರೆ. ಒಂದು ಬಣಕ್ಕೆ ಬ್ಯಾಟರಿ ಅಂದರೆ ಕಲ್ಲಿದ್ದಲಿನಿಂದ ಬಿಡುಗಡೆ. ಇನ್ನೊಂದು ಬಣಕ್ಕೆ ಅದು ಊರ ಪಕ್ಕ ತಂದಿಟ್ಟ ಬೆಂಕಿಪೊಟ್ಟಣ. ಇವೆರಡರ ನಡುವೆ ಯಾರೂ ಕೇಳದೇ ಉಳಿಯುವ ಪ್ರಶ್ನೆ ಒಂದಿದೆ: ಇದನ್ನು ಚೆನ್ನಾಗಿ ಕಟ್ಟಿದ್ದಾರಾ?

ಸಿನಿಮಾ ನೋಡಿ ಬಂದರೆ ಕಥೆ ಎಲ್ಲಿ ಸಡಿಲವಾಯಿತು ಅಂತ ನಾವು ಮಾತಾಡ್ತೀವಿ. ಯಾರಾದರೂ ಮನೆ ಕಟ್ಟಿಸಿದರೆ ಗೃಹಪ್ರವೇಶಕ್ಕೆ ಬಂದ ನೆಂಟರು ಅಡುಗೆಮನೆಗೆ ಗಾಳಿ ಸಾಲದು ಅಂತ ಹೇಳಿಯೇ ಊಟಕ್ಕೆ ಕೂರ್ತಾರೆ. ಬ್ಯಾಟರಿ ಸ್ಥಾವರಕ್ಕೂ ಅಂಥ ವಿಮರ್ಶೆ ಬೇಕು ಅನ್ನೋದು ಈ ಬರಹದ ವಾದ. ಯಾಕಂದ್ರೆ ಕ್ಯಾಲಿಫೋರ್ನಿಯಾ, ಟೆಕ್ಸಸ್, ವಿಕ್ಟೋರಿಯಾ, ಇಂಗ್ಲೆಂಡ್, ನೀವು ಎಲ್ಲೇ ಇದ್ದರೂ ಇವತ್ತಲ್ಲ ನಾಳೆ ನಿಮ್ಮ ಕೌನ್ಸಿಲ್‌ನಿಂದಲೋ ಕೌಂಟಿಯಿಂದಲೋ ಒಂದು ಪತ್ರ ಬರಬಹುದು: ನಿಮ್ಮ ಹತ್ತಿರ ಇಂಥದ್ದೊಂದು ಬರ್ತಿದೆ, ಅಭಿಪ್ರಾಯ ತಿಳಿಸಿ, ಅಂತ. ಬೇಕು, ಬೇಡ ಎಂಬ ಎರಡೇ ಮಾತು ನಮ್ಮ ಹತ್ತಿರ ಇದ್ದರೆ ಆ ಪತ್ರ ಬಂದೂ ಉಪಯೋಗವಿಲ್ಲ.

ಮೊದಲು ಒಂದು ಪದದ ತೊಡಕು

ಕನ್ನಡ ಕಲಿಯುತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಶಾಲಾ ಪುಸ್ತಕಗಳಲ್ಲಿ ಎನರ್ಜಿಗೆ ‘ಶಕ್ತಿ’ ಅಂತಾರೆ, ಪವರ್‌ಗೆ ‘ಸಾಮರ್ಥ್ಯ’ ಅಂತಾರೆ. ಆದರೆ ಒಂದು ಪಾತ್ರೆ ಎಷ್ಟು ಹಿಡಿಯುತ್ತೆ ಅನ್ನೋದಕ್ಕೂ ನಾವು ‘ಸಾಮರ್ಥ್ಯ’ ಅಂತಲೇ ಹೇಳೋದು. ಹಾಗಾಗಿ ‘100 ಮೆಗಾವ್ಯಾಟ್ ಸಾಮರ್ಥ್ಯದ ಬ್ಯಾಟರಿ’ ಎಂದು ಪತ್ರಿಕೆ ಬರೆದರೆ ಓದುಗರಿಗೆ ಅದರಲ್ಲಿ ಎಷ್ಟು ತುಂಬಿದೆ ಅನ್ನೋದೇ ಗೊತ್ತಾಗೋದಿಲ್ಲ.

ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ನಲ್ಲಿ ಎಷ್ಟು ದಪ್ಪ ಅನ್ನೋದು ಮೆಗಾವ್ಯಾಟ್. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅನ್ನೋದು ಮೆಗಾವ್ಯಾಟ್-ಗಂಟೆ. ಸಣ್ಣ ಟ್ಯಾಂಕಿಗೆ ದಪ್ಪ ನಲ್ಲಿ ಹಾಕಬಹುದು, ದೊಡ್ಡ ಟ್ಯಾಂಕಿಗೆ ಸಣ್ಣ ನಲ್ಲಿ ಹಾಕಬಹುದು. ಎರಡೂ ಬೇರೆ ಬೇರೆ ಕೆಲಸಕ್ಕೆ ಆಗುವಂಥವು. ಒಂದು ಮೆಗಾವ್ಯಾಟ್-ಗಂಟೆ ಅಂದರೆ ಊರಿನ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 1000 ಯೂನಿಟ್.

ಇನ್ನು ಒಳಗಿನ ಕಟ್ಟಡ. ಇವತ್ತು ದೊಡ್ಡ ಸ್ಥಾವರಗಳಲ್ಲಿ ಬಳಸುವ ಒಂದು ಸಾಮಾನ್ಯ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 3.2 ವೋಲ್ಟ್, 314 ಆಂಪಿಯರ್-ಗಂಟೆಯದು. ಗುಣಿಸಿ ನೋಡಿ, ಹೆಚ್ಚುಕಡಿಮೆ ಸರಿಯಾಗಿ ಒಂದು ಯೂನಿಟ್ ಬರುತ್ತೆ. ಇಂಥ 416 ಸೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಸುಮಾರು 1300 ವೋಲ್ಟ್ ಆಗುತ್ತೆ. ಅಂಥ 12 ಸಾಲುಗಳನ್ನು 20 ಅಡಿ ಉದ್ದದ ಒಂದು ಕಂಟೇನರ್‌ನಲ್ಲಿ ಕೂರಿಸಿದರೆ ಸುಮಾರು 5000 ಸೆಲ್, 5 ಮೆಗಾವ್ಯಾಟ್-ಗಂಟೆ. ಅದರ ಮುಂದೆ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್, ಆಮೇಲೆ ಟ್ರಾನ್ಸ್‌ಫಾರ್ಮರ್, ಆಮೇಲೆ ಸಬ್‌ಸ್ಟೇಷನ್. ಇಂಥ ನೂರಾರು ಕಂಟೇನರ್‌ಗಳು ಸಾಲಾಗಿ ನಿಂತರೆ ಅದೇ ಸುದ್ದಿಯಲ್ಲಿ ಬರುವ ‘ದೊಡ್ಡ ಬ್ಯಾಟರಿ’.

ಸಾಲಿನಲ್ಲಿ ಒಂದರ ಹಿಂದೆ ಒಂದು ಕೂತ ಸೆಲ್‌ಗಳ ಪಾಡು ಜೋಡೆತ್ತಿನ ಗಾಡಿಯ ಹಾಗೆ. ಒಂದು ಎತ್ತು ಕುಂಟಿದರೆ ಇನ್ನೊಂದರ ಜೋರು ಕೆಲಸಕ್ಕೆ ಬರೋದಿಲ್ಲ. 416ರಲ್ಲಿ ಒಂದು ಸೆಲ್ ಬೇಗ ಖಾಲಿಯಾದರೆ ಇಡೀ ಸಾಲು ಅಲ್ಲಿಗೇ ನಿಲ್ಲಬೇಕು. ಅದಕ್ಕೇ ಪ್ರತಿ ಸೆಲ್‌ನ ವೋಲ್ಟೇಜನ್ನೂ ಸಾಲಿನ ಉದ್ದಕ್ಕೂ ಉಷ್ಣತೆಯನ್ನೂ ಅಳೆಯುತ್ತಾ ಇರುವ ವ್ಯವಸ್ಥೆ ಬೇಕು. ಐರನ್ ಫಾಸ್ಫೇಟ್ ಸೆಲ್‌ನಲ್ಲಿ ಇದು ಇನ್ನೂ ಕಷ್ಟ. ಅದರ ವೋಲ್ಟೇಜ್ ಮುಕ್ಕಾಲು ತುಂಬಿದ್ದಾಗಲೂ ಕಾಲು ಭಾಗ ಉಳಿದಾಗಲೂ ಹೆಚ್ಚುಕಡಿಮೆ ಒಂದೇ ಇರುತ್ತೆ. ಹೊರಗಿನಿಂದ ನೋಡಿ ಒಳಗೆ ಎಷ್ಟಿದೆ ಅಂತ ಹೇಳೋದು ಸುಲಭವಲ್ಲ. ಅಂದರೆ ದೊಡ್ಡ ಬ್ಯಾಟರಿಯ ವಿನ್ಯಾಸದಲ್ಲಿ ರಸಾಯನದಷ್ಟೇ ಪಾಲು ಅಳತೆಯದು, ನಿಗಾದ್ದು. ಈ ಮಾತು ಮುಂದೆ ಮತ್ತೆ ಬರುತ್ತೆ.

ಹಾರ್ನ್ಸ್‌ಡೇಲ್: ಸರಿಯಾದ ಬ್ಯಾಟರಿ, ತಪ್ಪು ಹೊಗಳಿಕೆ

2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ವಿದ್ಯುತ್ ಗೋಪುರಗಳು ಉರುಳಿ ದಕ್ಷಿಣ ಆಸ್ಟ್ರೇಲಿಯಾ ರಾಜ್ಯಕ್ಕೆ ರಾಜ್ಯವೇ ಕತ್ತಲಾಯಿತು. ಮರುವರ್ಷ ಎಲಾನ್ ಮಸ್ಕ್, ಒಪ್ಪಂದಕ್ಕೆ ಸಹಿ ಬಿದ್ದ 100 ದಿನದೊಳಗೆ ಬ್ಯಾಟರಿ ನಿಲ್ಲಿಸದಿದ್ದರೆ ದುಡ್ಡು ಬೇಡ ಅಂತ ಪಂಥ ಕಟ್ಟಿದರು. ಜೇಮ್ಸ್‌ಟೌನ್ ಹತ್ತಿರ, ನಿಯೋಎನ್ ಕಂಪನಿಯ ಗಾಳಿಯಂತ್ರಗಳ ಪಕ್ಕ, 2017ರ ಡಿಸೆಂಬರ್ 1ಕ್ಕೆ ಹಾರ್ನ್ಸ್‌ಡೇಲ್ ಬ್ಯಾಟರಿ ಶುರುವಾಯಿತು. 100 ಮೆಗಾವ್ಯಾಟ್, 129 ಮೆಗಾವ್ಯಾಟ್-ಗಂಟೆ. ಆಗ ಜಗತ್ತಿನಲ್ಲೇ ದೊಡ್ಡ ಲಿಥಿಯಂ ಬ್ಯಾಟರಿ.

ಈಗ ಲೆಕ್ಕ ಹಾಕಿ. ನಲ್ಲಿ ಪೂರ್ತಿ ತಿರುಗಿಸಿದರೆ ಟ್ಯಾಂಕ್ ಸುಮಾರು 77 ನಿಮಿಷಕ್ಕೆ ಖಾಲಿ. ಇಡೀ ರಾಜ್ಯಕ್ಕೆ ರಾತ್ರಿಯೆಲ್ಲ ಕರೆಂಟ್ ಕೊಡೋ ಯಂತ್ರ ಇದಲ್ಲ. ಹಾಗಂತ ಕಟ್ಟಿದವರೂ ಅಂದುಕೊಂಡಿರಲಿಲ್ಲ. 100ರಲ್ಲಿ 70 ಮೆಗಾವ್ಯಾಟನ್ನು ಸರ್ಕಾರ ಗ್ರಿಡ್ಡಿನ ಭದ್ರತೆಗೆ ಅಂತ ಕಾದಿರಿಸಿಕೊಂಡಿತ್ತು. ಉಳಿದ 30 ಮೆಗಾವ್ಯಾಟ್ ಕಂಪನಿಯ ವ್ಯಾಪಾರಕ್ಕೆ: ಕರೆಂಟ್ ಅಗ್ಗವಾದಾಗ ತುಂಬಿಸಿಕೊಳ್ಳೋದು, ದುಬಾರಿಯಾದಾಗ ಮಾರೋದು.

ಗ್ರಿಡ್ಡಿನ ಭದ್ರತೆ ಅಂದ್ರೇನು? ಆಸ್ಟ್ರೇಲಿಯಾದಲ್ಲಿ, ಭಾರತದಲ್ಲೂ, ಎಸಿ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತೆ. ಯಾವುದಾದರೂ ದೊಡ್ಡ ಸ್ಥಾವರ ಇದ್ದಕ್ಕಿದ್ದ ಹಾಗೆ ನಿಂತರೆ ಈ ಲಯ ಇಳಿಯೋಕೆ ಶುರುವಾಗುತ್ತೆ. ತೀರಾ ಇಳಿದರೆ ಒಂದೊಂದೇ ಸ್ಥಾವರ ತನ್ನನ್ನು ತಾನು ಕಾಪಾಡಿಕೊಳ್ಳಲು ಕಳಚಿಕೊಳ್ಳುತ್ತಾ ಹೋಗುತ್ತೆ, ಕೊನೆಗೆ ಕತ್ತಲು. ಇಳಿಯೋ ಮೊದಲ ಸೆಕೆಂಡುಗಳಲ್ಲಿ ಯಾರಾದರೂ ಹೆಗಲು ಕೊಡಬೇಕು. ಬ್ಯಾಟರಿ ಅದಕ್ಕೆ ಹೇಳಿ ಮಾಡಿಸಿದ್ದು. ಕಲ್ಲಿದ್ದಲ ಸ್ಥಾವರ ಹಬೆಯ ಕವಾಟ ತೆರೆದು ವೇಗ ಹೆಚ್ಚಿಸುವಷ್ಟರಲ್ಲಿ ಇನ್ವರ್ಟರ್ ತನ್ನ ಕೆಲಸ ಮುಗಿಸಿರುತ್ತೆ.

2017ರ ಡಿಸೆಂಬರ್ 14ರ ನಸುಕಿನ ಸುಮಾರು ಎರಡು ಗಂಟೆಗೆ ವಿಕ್ಟೋರಿಯಾದ ಲಾಯ್ ಯಾಂಗ್ ಕಲ್ಲಿದ್ದಲ ಸ್ಥಾವರದ ಒಂದು ಘಟಕ 560 ಮೆಗಾವ್ಯಾಟ್‌ನಷ್ಟು ಉತ್ಪಾದನೆಯೊಂದಿಗೆ ನಿಂತುಹೋಯಿತು. ಸುಮಾರು ಸಾವಿರ ಕಿಲೋಮೀಟರ್ ದೂರದಿಂದ ಹಾರ್ನ್ಸ್‌ಡೇಲ್ ಕ್ಷಣಾರ್ಧದಲ್ಲಿ ಸ್ಪಂದಿಸಿತು. ‘ಬ್ಯಾಟರಿ ಗ್ರಿಡ್ಡನ್ನು ಉಳಿಸಿತು’ ಅಂತ ಸುದ್ದಿಯೋ ಸುದ್ದಿ. ಆದರೆ ಅದು ಕೊಟ್ಟದ್ದು 7.3 ಮೆಗಾವ್ಯಾಟ್. 560 ಹೋದ ಕಡೆ 7.3. ಕೆಲವೇ ಸೆಕೆಂಡಿನಲ್ಲಿ ಆ ಕೆಲಸಕ್ಕೆ ಗೊತ್ತಾಗಿದ್ದ ಕ್ವೀನ್ಸ್‌ಲ್ಯಾಂಡಿನ ಗ್ಲಾಡ್‌ಸ್ಟನ್ ಕಲ್ಲಿದ್ದಲ ಸ್ಥಾವರವೂ ಕೈಜೋಡಿಸಿತು.

ಹಾಗಾದರೆ ಹೊಗಳಿಕೆ ಸುಳ್ಳಾ? ಸುಳ್ಳಲ್ಲ, ತಪ್ಪು ಜಾಗಕ್ಕೆ ಬಿತ್ತು. ಆ ರಾತ್ರಿ ತೋರಿದ್ದು ಗಾತ್ರವಲ್ಲ, ವೇಗ. ಹಾರ್ನ್ಸ್‌ಡೇಲ್ ಒಳ್ಳೆಯ ವಿನ್ಯಾಸ ಅಂತ ನಾನು ಹೇಳೋದು ಅದು ದೊಡ್ಡದು ಅಂತ ಅಲ್ಲ. ಯಾವ ಕೆಲಸಕ್ಕೆ ಎಷ್ಟು ಅನ್ನೋದನ್ನು ಮೊದಲೇ ತೀರ್ಮಾನಿಸಿ, ಆ ಕೆಲಸಕ್ಕೆ ತಕ್ಕ ನಲ್ಲಿ, ತಕ್ಕ ಟ್ಯಾಂಕ್ ಇಟ್ಟರು ಅಂತ. 2020ರಲ್ಲಿ ಅದನ್ನು 150 ಮೆಗಾವ್ಯಾಟ್‌ಗೆ ಹಿಗ್ಗಿಸಿದರು. 2022ರಲ್ಲಿ ಇನ್ವರ್ಟರ್‌ಗಳ ತಂತ್ರಾಂಶ ಬದಲಿಸಿ, ದೊಡ್ಡ ತಿರುಗುವ ಯಂತ್ರಗಳು ಗ್ರಿಡ್ಡಿಗೆ ಕೊಡುವ ಜಡತ್ವವನ್ನು ಬ್ಯಾಟರಿಯಿಂದಲೇ ಕೊಡಿಸುವ ಹಾಗೆ ಮಾಡಿದರು. ಇದು ಇಡೀ ಕ್ಷೇತ್ರಕ್ಕೆ ದಾರಿ ತೋರಿದ ಕೆಲಸ.

ಹೊಗಳುವವರು ಹೇಳದೇ ಬಿಡುವ ಇನ್ನೊಂದು ಸಂಗತಿಯೂ ಇದೆ. 2019ರ ಜುಲೈನಿಂದ ನವೆಂಬರ್ ವರೆಗೆ ಹಾರ್ನ್ಸ್‌ಡೇಲ್ ತಾನು ಕೊಡುತ್ತೇನೆಂದು ಮಾರುಕಟ್ಟೆಯಲ್ಲಿ ಒಪ್ಪಿ ಹಣ ಪಡೆದ ತುರ್ತು ಸೇವೆಯನ್ನು ಪೂರ್ತಿ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಅದು ಬಯಲಾದದ್ದು ಆ ಅಕ್ಟೋಬರ್‌ನಲ್ಲಿ ಕ್ವೀನ್ಸ್‌ಲ್ಯಾಂಡಿನ ಕೋಗನ್ ಕ್ರೀಕ್ ಸ್ಥಾವರ ನಿಂತಾಗ. 2022ರಲ್ಲಿ ಫೆಡರಲ್ ಕೋರ್ಟ್ 9 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ನೋಡಿ, ಮೂರು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ. ಕಲ್ಲಿದ್ದಲ ಸ್ಥಾವರ ಕೆಟ್ಟರೆ ಹೊಗೆ ನಿಲ್ಲುತ್ತೆ, ಸದ್ದು ನಿಲ್ಲುತ್ತೆ. ಬ್ಯಾಟರಿ ಸುಮ್ಮನೆ ಬಿಳಿ ಪೆಟ್ಟಿಗೆಯ ಹಾಗೆ ನಿಂತಿರುತ್ತೆ, ಕೆಲಸ ಮಾಡಿದರೂ, ಮಾಡದಿದ್ದರೂ.

ಬೆಂಕಿಯ ಪ್ರಶ್ನೆ

ಲಿಥಿಯಂ ಸೆಲ್ ಒಂದು ಮಟ್ಟಕ್ಕಿಂತ ಹೆಚ್ಚು ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆಯೇ ಇನ್ನಷ್ಟು ಬಿಸಿ ಹುಟ್ಟಿಸುತ್ತೆ. ಆ ಬಿಸಿ ಕ್ರಿಯೆಯನ್ನು ಇನ್ನೂ ಜೋರು ಮಾಡುತ್ತೆ. ಇದಕ್ಕೆ ಥರ್ಮಲ್ ರನ್‌ಅವೇ ಅಂತಾರೆ. ಆಗ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್‌ನಂಥ ಹತ್ತಿ ಉರಿಯುವ ಅನಿಲಗಳು ಹೊರಬರುತ್ತವೆ. ನಿಕ್ಕೆಲ್-ಮ್ಯಾಂಗನೀಸ್-ಕೋಬಾಲ್ಟ್ ಸೆಲ್ ಈ ವಿಷಯದಲ್ಲಿ ಬೇಗ ಕೆರಳುತ್ತೆ. ಐರನ್ ಫಾಸ್ಫೇಟ್ ಸ್ವಲ್ಪ ತಾಳ್ಮೆಯದು, ಆದರೆ ಅನಿಲ ಅದರಿಂದಲೂ ಬರುತ್ತೆ. ಲಕ್ಷಗಟ್ಟಲೆ ಸೆಲ್ ಇದ್ದ ಕಡೆ ಒಂದೂ ಕೆಡೋದಿಲ್ಲ ಅಂತ ಯಾರೂ ಮಾತು ಕೊಡಲಾರರು. ವಿನ್ಯಾಸಕಾರರನ್ನು ಕೇಳಬೇಕಾದ್ದು ಬೇರೆ: ಒಂದು ಕೆಟ್ಟರೆ ಅದು ಎಲ್ಲಿಗೆ ನಿಲ್ಲುತ್ತೆ?

2019ರ ಏಪ್ರಿಲ್ 19ರಂದು ಅರಿಜೋನಾದ ಸರ್‌ಪ್ರೈಸ್ ಎಂಬ ಊರಿನಲ್ಲಿ ಮ್ಯಾಕ್‌ಮಿಕನ್ ಹೆಸರಿನ ಒಂದು ಬ್ಯಾಟರಿ ಕೆಟ್ಟಿತು. ಬರೀ 2 ಮೆಗಾವ್ಯಾಟ್‌ನದು. ಬೆಂಕಿ ಆರಿಸುವ ಅನಿಲ ತಾನಾಗಿಯೇ ಬಿಡುಗಡೆಯಾಯಿತು. ಅದು ಜ್ವಾಲೆಯನ್ನು ಆರಿಸಬಹುದು, ಸೆಲ್‌ನೊಳಗಿನ ಬಿಸಿಯನ್ನು ನಿಲ್ಲಿಸಲಾರದು. ಸೆಲ್‌ಗಳು ಒಂದರ ನಂತರ ಒಂದು ಅನಿಲ ಬಿಡುತ್ತಲೇ ಹೋದವು. ಅದು ಹೊರಹೋಗಲು ದಾರಿ ಇರಲಿಲ್ಲ, ಒಳಗೆ ಎಷ್ಟು ತುಂಬಿದೆ ಅಂತ ಹೊರಗಿನಿಂದ ತಿಳಿಯುವ ಉಪಾಯವೂ ಇರಲಿಲ್ಲ. ಗಂಟೆಗಳ ನಂತರ ಅಗ್ನಿಶಾಮಕ ಸಿಬ್ಬಂದಿ ಬಾಗಿಲು ತೆರೆದರು. ಸ್ವಲ್ಪ ಹೊತ್ತಿಗೆ ಸ್ಫೋಟವಾಗಿ ಅವರು ತೀವ್ರವಾಗಿ ಗಾಯಗೊಂಡರು. ಆ ಬ್ಯಾಟರಿಯನ್ನು ಬೆಂಕಿಗೆ ಅಂತ ಸಿದ್ಧಪಡಿಸಿದ್ದರು, ಸ್ಫೋಟಕ್ಕೆ ಅಂತ ಅಲ್ಲ. ಈಗಿನ ಕಂಟೇನರ್‌ಗಳ ತಲೆಯ ಮೇಲೆ ಅನಿಲ ಹೊರಹಾಕುವ ಕಿಂಡಿಗಳು ಕಂಡರೆ, ಒಳಗೆ ಜನ ನಡೆದಾಡುವ ಜಾಗವೇ ಇಲ್ಲದಿದ್ದರೆ, ಅದರ ಹಿಂದೆ ಈ ಪಾಠವಿದೆ.

2021ರ ಜುಲೈ 30ರಂದು ಆಸ್ಟ್ರೇಲಿಯಾದ ಜೀಲಾಂಗ್ ಹತ್ತಿರ ವಿಕ್ಟೋರಿಯನ್ ಬಿಗ್ ಬ್ಯಾಟರಿ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. 300 ಮೆಗಾವ್ಯಾಟ್, 450 ಮೆಗಾವ್ಯಾಟ್-ಗಂಟೆ, 212 ಮೆಗಾಪ್ಯಾಕ್‌ಗಳು. ಒಂದರೊಳಗೆ ತಂಪು ಮಾಡುವ ದ್ರವ ಸೋರಿ ಶಾರ್ಟ್ ಆಯಿತು, ಬೆಂಕಿ ಹತ್ತಿತು, ಪಕ್ಕದ್ದಕ್ಕೂ ಹಬ್ಬಿತು. 212ರಲ್ಲಿ ಸುಟ್ಟದ್ದು ಎರಡು, ಯಾರಿಗೂ ಗಾಯವಾಗಲಿಲ್ಲ. ಸಿಬ್ಬಂದಿ ಅದನ್ನು ಉರಿಯಲು ಬಿಟ್ಟು ಅಕ್ಕಪಕ್ಕದವನ್ನು ತಂಪಾಗಿಟ್ಟರು. ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ಬಯಲಿನಲ್ಲಿ ಇಡುವ ಕ್ರಮ ಗೆದ್ದಿತು ಅಂತ ಇದನ್ನು ಓದಬಹುದು.

ಆದರೆ ವಿವರದಲ್ಲಿ ಕಹಿ ಇದೆ. ಹೊಸ ಮೆಗಾಪ್ಯಾಕ್ ನಿಯಂತ್ರಣ ಕೇಂದ್ರದ ಪರದೆಯಲ್ಲಿ ಕಾಣಿಸಿಕೊಳ್ಳಲು 24 ಗಂಟೆ ಬೇಕಿತ್ತು. ಸುಟ್ಟದ್ದು ಕೇವಲ 13 ಗಂಟೆ ಚಾಲನೆಯಲ್ಲಿದ್ದು, ಆ ದಿನ ಬೇಕಿಲ್ಲ ಅಂತ ಕೀಲಿ ತಿರುಗಿಸಿ ಆಫ್ ಮಾಡಿದ್ದು. ಆಫ್ ಆದಾಗ ಅದರ ನಿಗಾ ವ್ಯವಸ್ಥೆಯೂ, ಕೆಲವು ರಕ್ಷಣೆಗಳೂ ಆಫ್ ಆದವು. ಎಚ್ಚರಿಕೆ ಯಾರಿಗೂ ತಲುಪಲಿಲ್ಲ. ಗ್ಯಾಸ್ ಒಲೆ ಆರಿಸಿದರೆ ಒಲೆ ತಣ್ಣಗಾಗುತ್ತೆ. ಬ್ಯಾಟರಿ ಹಾಗಲ್ಲ, ಅದನ್ನು ಆಫ್ ಮಾಡಿದರೂ ಒಳಗಿನ ಶಕ್ತಿ ಒಳಗೇ ಇರುತ್ತೆ. ನಿಗಾ ಎಂದೂ ಆಫ್ ಆಗಕೂಡದು ಅನ್ನೋ ಸರಳ ನಿಯಮ ಅಲ್ಲಿ ತಪ್ಪಿತ್ತು. ಇನ್ನು ಗಾಳಿ: ಆ ದಿನ ಜೋರು ಗಾಳಿ ಜ್ವಾಲೆಯನ್ನು ಪಕ್ಕದ ಪೆಟ್ಟಿಗೆಯ ಚಾವಣಿಗೆ ಬಾಗಿಸಿತು, ಅಲ್ಲಿದ್ದ ಪ್ಲಾಸ್ಟಿಕ್ ಕಿಂಡಿಗಳು ಕರಗಿದವು. ಅಂದರೆ ಒಂದು ಅಪಾಯಕ್ಕೆ ಅಂತ ಇಟ್ಟ ಕಿಂಡಿ ಇನ್ನೊಂದು ಅಪಾಯಕ್ಕೆ ಬಾಗಿಲಾಯಿತು. ಆಮೇಲೆ ಅವಕ್ಕೆ ಉಕ್ಕಿನ ಕವಚ ಬಂತು, 24 ಗಂಟೆ 1 ಗಂಟೆಗೆ ಇಳಿಯಿತು. ಒಳ್ಳೆಯದೇ. ಆದರೆ 24 ಗಂಟೆ ಕಾಣದೇ ಇದ್ದರೆ ಪರವಾಗಿಲ್ಲ ಎಂಬ ತೀರ್ಮಾನ ಮೊದಲು ಯಾವ ಸಭೆಯಲ್ಲಿ ಸರಿ ಅನ್ನಿಸಿತು?

ಮಾಸ್ ಲ್ಯಾಂಡಿಂಗ್: ಒಂದೇ ಊರು, ಎರಡು ವಿನ್ಯಾಸ

ಕ್ಯಾಲಿಫೋರ್ನಿಯಾದಲ್ಲಿ ಇರುವವರು ಮಾಂಟೆರೆಗೆ ಹೋಗುವಾಗ ಹೈವೇ 1ರ ಪಕ್ಕ ಎರಡು ಎತ್ತರದ ಚಿಮಣಿಗಳನ್ನು ನೋಡಿರುತ್ತೀರಿ. ಅದೇ ಮಾಸ್ ಲ್ಯಾಂಡಿಂಗ್. ಅಲ್ಲಿನ ಹಳೆಯ ಸ್ಥಾವರದ ಟರ್ಬೈನ್ ಹಾಲ್‌ನೊಳಗೆ ವಿಸ್ಟ್ರಾ ಕಂಪನಿ 300 ಮೆಗಾವ್ಯಾಟ್, 1200 ಮೆಗಾವ್ಯಾಟ್-ಗಂಟೆಯ ಬ್ಯಾಟರಿ ಕೂರಿಸಿತು. ನಿಕ್ಕೆಲ್-ಮ್ಯಾಂಗನೀಸ್-ಕೋಬಾಲ್ಟ್ ಸೆಲ್‌ಗಳು, ಒಂದೇ ಸೂರಿನಡಿ, ಸಾಲು ಸಾಲು ರ‍್ಯಾಕ್‌ಗಳಲ್ಲಿ. ಕಟ್ಟಡ ಇದೆ, ಗ್ರಿಡ್ ಸಂಪರ್ಕ ಇದೆ, ಜಾಗದ ಚಿಂತೆ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಚೆಂದದ ಯೋಚನೆ.

2021ರ ಸೆಪ್ಟೆಂಬರ್ ಮತ್ತು 2022ರ ಫೆಬ್ರವರಿಯಲ್ಲಿ ಆ ಸ್ಥಾವರದಲ್ಲಿ ಬೆಂಕಿ ನಂದಿಸಲು ಇಟ್ಟ ನೀರಿನ ವ್ಯವಸ್ಥೆಯೇ ಸೋರಿ ಬ್ಯಾಟರಿಗಳ ಮೇಲೆ ಬಿತ್ತು, ಬ್ಯಾಟರಿಗಳು ಕೆಟ್ಟವು. 2025ರ ಜನವರಿ 16ರಂದು ಆ ಹಾಲ್‌ಗೆ ಬೆಂಕಿ ಬಿತ್ತು. ಸುಮಾರು 1200 ಜನರನ್ನು ಮನೆ ಬಿಡಿಸಿದರು, ಹೈವೇ ಮುಚ್ಚಿತು. ಒಳಗಿದ್ದ ಬ್ಯಾಟರಿಗಳಲ್ಲಿ ಅರ್ಧಕ್ಕೂ ಹೆಚ್ಚು ಸುಟ್ಟವು. ಫೆಬ್ರವರಿಯಲ್ಲಿ ಮತ್ತೆ ಹೊತ್ತಿಕೊಂಡಿತು. ಹತ್ತಿರದ ಎಲ್ಕ್‌ಹಾರ್ನ್ ಜೌಗಿನ ಮಣ್ಣಿನಲ್ಲಿ ನಿಕ್ಕೆಲ್, ಮ್ಯಾಂಗನೀಸ್, ಕೋಬಾಲ್ಟ್ ಪ್ರಮಾಣ ಏರಿದ್ದನ್ನು ಅಲ್ಲಿನ ಸಾಗರ ಪ್ರಯೋಗಾಲಯದ ಸಂಶೋಧಕರು ಕಂಡುಹಿಡಿದರು.

ಈಗ ಪಕ್ಕಕ್ಕೇ ನೋಡಿ. ಅದೇ ಊರಿನಲ್ಲಿ ಪಿಜಿಅಂಡ್‌ಇ ಕಂಪನಿಯ ಎಲ್ಕ್‌ಹಾರ್ನ್ ಬ್ಯಾಟರಿ ಇದೆ, ಬಯಲಿನಲ್ಲಿ ನಿಂತ 256 ಮೆಗಾಪ್ಯಾಕ್‌ಗಳು. 2022ರ ಸೆಪ್ಟೆಂಬರ್ 20ರಂದು ಅದರಲ್ಲಿ ಒಂದಕ್ಕೆ ಬೆಂಕಿ ಬಿತ್ತು. ಒಂದೇ ಸುಟ್ಟಿತು, ಅಲ್ಲಿಗೇ ನಿಂತಿತು. ಕಾರಣ ಹುಡುಕಿದರೆ ಚಾವಣಿಯ ಕಿಂಡಿಯ ಕವಚವನ್ನು ಸರಿಯಾಗಿ ಕೂರಿಸದೆ ನೀರು ಒಳಹೋಗಿತ್ತು. ಕಾಪಾಡಲು ಇಟ್ಟದ್ದೇ ಇಲ್ಲೂ ದಾರಿಯಾಯಿತು. ಆದರೂ ಬೆಂಕಿ ಒಂದು ಪೆಟ್ಟಿಗೆ ದಾಟಲಿಲ್ಲ.

ಒಂದೇ ಊರು, ಅದೇ ಸಮುದ್ರದ ಗಾಳಿ. ಒಂದು ಕಡೆ ತಪ್ಪಿಗೆ ಗೋಡೆ ಇತ್ತು, ಇನ್ನೊಂದು ಕಡೆ ಇಡೀ ಹಾಲ್ ಒಂದೇ ಕೋಣೆ. ‘ನಾವೀಗ ಐರನ್ ಫಾಸ್ಫೇಟ್ ಬಳಸ್ತೀವಿ, ಅದು ಹಳೇ ಕಥೆ’ ಅಂತ ಕಂಪನಿಗಳು ಹೇಳ್ತವೆ. ಅರ್ಧ ಮಾತ್ರ ನಿಜ. ಸೆಲ್ ಬದಲಾದರೆ ಅಪಾಯ ಕಡಿಮೆಯಾಗುತ್ತೆ. ಆದರೆ ಮಾಸ್ ಲ್ಯಾಂಡಿಂಗ್‌ನಲ್ಲಿ ದುರಂತವನ್ನು ದೊಡ್ಡದು ಮಾಡಿದ್ದರಲ್ಲಿ ಸೆಲ್‌ನಷ್ಟೇ ಪಾಲು ಆ ಒಂದೇ ಸೂರಿನದು.

ನಮ್ಮೂರಿನ ಲೆಕ್ಕ

ಊರಿನ ವಾಟ್ಸಾಪ್ ಗುಂಪುಗಳಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಜಗಳ ನಿಮಗೂ ಬಂದಿರುತ್ತೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆ ಕೆಳಗೆ ಆಡಿಸಿ 2000 ಮೆಗಾವ್ಯಾಟ್ ಕೊಡುವ ಯೋಜನೆ. ಜಾಗ ಸಿಂಗಳೀಕಗಳ ಅಭಯಾರಣ್ಯ. ‘ಅದರ ಬದಲು ಬ್ಯಾಟರಿ ಹಾಕಿ’ ಅಂತ ಒಬ್ಬರು, ‘ಬ್ಯಾಟರಿ ಎಲ್ಲಿ ಸಾಕಾಗುತ್ತೆ’ ಅಂತ ಇನ್ನೊಬ್ಬರು. ಇಬ್ಬರೂ ಮೆಗಾವ್ಯಾಟ್ ಒಂದನ್ನೇ ಹಿಡಿದು ವಾದಿಸೋದು.

ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್. ಅದು ಪೂರ್ತಿ ಬಿಸಿಲಿನಲ್ಲಿ ಕೊಡುವ ಕರೆಂಟಿಗೆ 129 ಮೆಗಾವ್ಯಾಟ್-ಗಂಟೆಯ ಆ ಮೊದಲ ಹಾರ್ನ್ಸ್‌ಡೇಲ್ ನಾಲ್ಕು ನಿಮಿಷದೊಳಗೆ ತುಂಬಿಹೋಗುತ್ತೆ. ಹಾಗಾಗಿ ಕೇಳಬೇಕಾದ್ದು ಮಧ್ಯಾಹ್ನದ ಬಿಸಿಲನ್ನು ಎಷ್ಟು ಗಂಟೆ ಹಿಡಿದಿಡಬೇಕು ಅಂತ. ಸಂಜೆ ಎರಡು-ನಾಲ್ಕು ಗಂಟೆಯ ಬೇಡಿಕೆಗೆ ಆದರೆ ಬ್ಯಾಟರಿಯನ್ನು ಪಾವಗಡದ ಪಕ್ಕದಲ್ಲೇ, ಯಾವ ಕಾಡನ್ನೂ ಮುಟ್ಟದೆ, ಬೇಕಾದಷ್ಟು ಬೇಕಾದಾಗ ಸೇರಿಸುತ್ತಾ ಹೋಗಬಹುದು. ರಾತ್ರಿಯಿಡೀ ಬೇಕೆಂದರೆ ಲೆಕ್ಕ ಬೇರೆ. ಬ್ಯಾಟರಿ ವರ್ಷ ವರ್ಷ ಸವೆಯುತ್ತೆ, ಬದಲಿಸಬೇಕು. ಸುರಂಗ ತಲೆಮಾರುಗಳ ಕಾಲ ಬಾಳುತ್ತೆ. ಆದರೆ ಕಡಿದ ಕಾಡನ್ನು ಯಾರೂ ಬದಲಿಸಿ ಕೊಡಲಾರರು. ನನ್ನ ಅಭಿಪ್ರಾಯ ಇಷ್ಟು: ಎಷ್ಟು ಗಂಟೆಯ ಕೆಲಸ ಅನ್ನೋದನ್ನು ಜನರ ಮುಂದೆ ಇಡುವ ಮೊದಲು ಕಾಡಿನ ಜಾಗ ಆರಿಸಿದ್ದರೆ ಆ ವಿನ್ಯಾಸ ತಲೆಕೆಳಗಾಗಿ ಶುರುವಾಗಿದೆ.

ಪತ್ರ ಬಂದಾಗ ಏನು ಕೇಳಬೇಕು

ಓದುತ್ತಿರುವವರಿಗೂ, ಅಡುಗೆ ಮಾಡುತ್ತಾ ಪಾಡ್‌ಕಾಸ್ಟಿನಲ್ಲಿ ಕೇಳುತ್ತಿರುವವರಿಗೂ ಐದು ಪ್ರಶ್ನೆ. ಎಂಜಿನಿಯರ್ ಆಗಿರಬೇಕಿಲ್ಲ.

ಒಂದು, ಇದರ ಕೆಲಸ ಏನು? ‘ಇಷ್ಟು ಸಾವಿರ ಮನೆಗಳಿಗೆ ಕರೆಂಟು’ ಅನ್ನೋದು ಉತ್ತರವಲ್ಲ. ಎಷ್ಟು ಮೆಗಾವ್ಯಾಟ್, ಎಷ್ಟು ಗಂಟೆ, ಯಾವ ಹೊತ್ತಿಗೆ ಅಂತ ಕೇಳಿ.

ಎರಡು, ಒಂದು ಪೆಟ್ಟಿಗೆ ಪೂರ್ತಿ ಉರಿದರೆ ಪಕ್ಕದ್ದಕ್ಕೆ ಹಬ್ಬೋದಿಲ್ಲ ಅಂತ ನಿಜವಾಗಿ ಸುಟ್ಟು ಪರೀಕ್ಷೆ ಮಾಡಿದ್ದಾರಾ? ನಿಮ್ಮೂರಿನ ಗಾಳಿಯ ವೇಗ ಅದರಲ್ಲಿ ಲೆಕ್ಕಕ್ಕೆ ಬಂದಿದೆಯಾ?

ಮೂರು, ನಿಗಾ ಯಾವಾಗ ಶುರುವಾಗುತ್ತೆ? ಪೆಟ್ಟಿಗೆ ಲಾರಿಯಿಂದ ಇಳಿದ ಕ್ಷಣದಿಂದಲೋ, ಉದ್ಘಾಟನೆಯ ದಿನದಿಂದಲೋ? ಯಾವ ಕೀಲಿ ತಿರುಗಿಸಿದರೆ ಅದು ನಿಲ್ಲುತ್ತೆ?

ನಾಲ್ಕು, ಹತ್ತು ವರ್ಷದ ನಂತರ ಸವೆದ ಸೆಲ್‌ಗಳ ಜಾಗಕ್ಕೆ ಏನು ಬರುತ್ತೆ, ಹಳೆಯವು ಎಲ್ಲಿಗೆ ಹೋಗ್ತವೆ, ಆ ಖರ್ಚು ಯಾರದ್ದು? ಹೊಸ ಪೆಟ್ಟಿಗೆಗಳಿಗೆ ಅಂತ ಈಗಲೇ ಖಾಲಿ ಜಾಗ ಬಿಟ್ಟಿದ್ದಾರಾ? ಬಿಡದಿದ್ದರೆ ಮುಂದೆ ಅವು ಅಂತರದ ಜಾಗದೊಳಗೇ ನುಸುಳುತ್ತವೆ.

ಐದು, ಊರಿನ ಅಗ್ನಿಶಾಮಕ ದಳಕ್ಕೆ ಇದರ ನಕ್ಷೆ ಕೊಟ್ಟಿದ್ದಾರಾ? ಒಳಗಿನ ಅನಿಲದ ಅಳತೆ ಅವರಿಗೆ ಹೊರಗಿನಿಂದಲೇ ಕಾಣುತ್ತಾ? ಸರ್‌ಪ್ರೈಸ್‌ನಲ್ಲಿ ಬಾಗಿಲು ತೆರೆದವರು ಕಂಪನಿಯವರಲ್ಲ, ಕರೆ ಬಂದ ಕೂಡಲೇ ಓಡಿಹೋದ ಸಿಬ್ಬಂದಿ. ವಿನ್ಯಾಸದ ಸಭೆಯಲ್ಲಿ ಅವರಿಗೆ ಕುರ್ಚಿ ಇತ್ತಾ ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ಅದನ್ನೇ ನಿಮ್ಮ ಅಭಿಪ್ರಾಯದ ಪತ್ರದಲ್ಲಿ ಬರೆಯಿರಿ.